ಹಿಂದೆ ನಿಂತು ಆಡುವ ಹುಡುಗಿಗೆ ಫುಟ್‌ಬಾಲ್‌ನಲ್ಲಿ ವೃತ್ತಿ ಇದೆಯೇ?

ತೊಗರಿ ಸೀಮೆ, ಕಲಬುರಗಿ

ನಮ್ಮ ಅಣ್ಣನ ಮಗಳು ಪಿಯುಸಿ ಮೊದಲ ವರ್ಷದಲ್ಲಿದ್ದಾಳೆ. ಪ್ರೌಢಶಾಲೆಯಿಂದಲೂ ಫುಟ್‌ಬಾಲ್ ಆಡುತ್ತಾಳೆ. ಎತ್ತರದ ಹುಡುಗಿ, ಎಡಗಾಲಿನ ಆಟ, ಆಡುವ ಜಾಗ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ಎದುರಾಳಿಯನ್ನು ತಡೆಯುವ ಡಿಫೆಂಡರ್. ಈಚೆಗೆ ಅವಳಿಗೆ ಕಲಿಸುವವರೊಬ್ಬರು, ‘ಡಿಫೆಂಡರ್ ಆಗಿಯೇ ಉಳಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಆಯ್ಕೆಗಾರರು ಗೋಲು ಹೊಡೆದವರ ಹೆಸರನ್ನಷ್ಟೇ ಬರೆದುಕೊಳ್ಳುತ್ತಾರೆ, ಫಾರ್ವರ್ಡ್ ಆಗು’ ಎಂದಿದ್ದಾರೆ. ಅವಳು ಒಪ್ಪುತ್ತಿಲ್ಲ. ‘ಕಾಕಾ, ಹಿಂದೆ ನಿಂತರೇ ನನಗೆ ಇಡೀ ಆಟ ಕಾಣುತ್ತದೆ’ ಎನ್ನುತ್ತಾಳೆ.

ಮನೆಯಲ್ಲಿ ಬೇರೆಯದೇ ಜಗಳ. ಅಣ್ಣನಿಗೆ ನೀಟ್ ಚಿಂತೆ, ವೈನಿಗೆ ಬಿಸಿಲಿನ ಚಿಂತೆ, ಅವ್ವನಿಗೆ ಚಡ್ಡಿಯ ಚಿಂತೆ. ನಡುವೆ ಸಿಕ್ಕಿಕೊಂಡವನು ನಾನು. ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಗಂಧವಿಲ್ಲ. ಡಿಫೆಂಡರ್ ಆಗಿ ಹೊಟ್ಟೆ ಹೊರೆದುಕೊಂಡ ಹೆಣ್ಣುಮಕ್ಕಳು ಇದ್ದಾರೆಯೇ? ಅವರು ಎಲ್ಲಿಂದ ಹೇಗೆ ಹೋದರು? ಕಲಬುರಗಿಯಲ್ಲಿ ಕುಳಿತವರಿಗೆ ಆ ಬಾಗಿಲು ಎಲ್ಲಿದೆ? ಬಲ್ಲವರು ಹೇಳಿ.

ಪರ್ಸಿ ಕಲ್ಲು, ಶಹಾಬಾದ್

ಆ ಗುರುಗಳಿಗೆ ಒಂದು ಸುದ್ದಿ ಮುಟ್ಟಿಸಿ. ಮಹಿಳಾ ಫುಟ್‌ಬಾಲ್‌ನಲ್ಲಿ ಮೊತ್ತಮೊದಲು ಹತ್ತು ಲಕ್ಷ ಡಾಲರ್ ದಾಟಿದ ವರ್ಗಾವಣೆ ಗೋಲು ಹೊಡೆಯುವವಳದಲ್ಲ, ನವೋಮಿ ಗಿರ್ಮಾ ಎಂಬ ಸೆಂಟರ್ ಬ್ಯಾಕ್ ಆಟಗಾರ್ತಿಯದು. 2025ರ ಜನವರಿಯಲ್ಲಿ ಲಂಡನ್ನಿನ ಚೆಲ್ಸಿ ಕ್ಲಬ್ 11 ಲಕ್ಷ ಡಾಲರ್ ಕೊಟ್ಟು ಆಕೆಯನ್ನು ಸ್ಯಾನ್ ಡಿಯಾಗೊ ವೇವ್ ತಂಡದಿಂದ ಕರೆದುಕೊಂಡಿತು. ಇಥಿಯೋಪಿಯಾದಿಂದ ಅಮೆರಿಕಕ್ಕೆ ವಲಸೆ ಹೋದ ತಂದೆತಾಯಿಯ ಮಗಳು. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಲೇ ಆಡಿದಳು, ಅಲ್ಲಿರುವಾಗಲೇ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡಳು, ಮತ್ತೆ ಎದ್ದಳು. 2022ರಲ್ಲಿ ಅಮೆರಿಕದ ಲೀಗಿಗೆ ಕಾಲೇಜು ಆಟಗಾರ್ತಿಯರನ್ನು ಆರಿಸುವಾಗ ಕರೆದ ಮೊದಲ ಹೆಸರೇ ಆಕೆಯದು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ.

ಇನ್ನೊಬ್ಬಳು ಇಂಗ್ಲೆಂಡಿನ ಲೂಸಿ ಬ್ರಾಂಜ್. ಬಲಬದಿಯ ಬ್ಯಾಕ್. ಉಬ್ಬರ ಬಂದರೆ ರಸ್ತೆಯೇ ಮುಳುಗುವ ಹೋಲಿ ಐಲೆಂಡ್ ಎಂಬ ಪುಟ್ಟ ದ್ವೀಪದಲ್ಲಿ ಬಾಲ್ಯ ಕಳೆದವಳು. ಹುಡುಗರ ತಂಡದಲ್ಲಿ ಆಡುತ್ತಿದ್ದಳು. 12 ತುಂಬಿದಾಗ ನಿಯಮ ತೋರಿಸಿ ಹೊರಗೆ ಹಾಕಿದರು. ಕಾಲೇಜಿನ ದಿನಗಳಲ್ಲಿ ಪಿಜ್ಜಾ ಅಂಗಡಿಯಲ್ಲಿ ದುಡಿದಳು, ಮೊಣಕಾಲಿಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾಯಿತು. ಲಿಯಾನ್‌ನಲ್ಲಿ ಮೂರು, ಬಾರ್ಸಿಲೋನಾದಲ್ಲಿ ಎರಡು, ಒಟ್ಟು ಐದು ಸಲ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಗೆದ್ದಳು. 2019ರಲ್ಲಿ ಯುರೋಪಿನ ವರ್ಷದ ಆಟಗಾರ್ತಿ, 2020ರಲ್ಲಿ ಫಿಫಾದ ಶ್ರೇಷ್ಠ ಆಟಗಾರ್ತಿ. 2025ರ ಯುರೋ ಕಪ್ಪನ್ನು ಮೊಣಕಾಲಿನ ಕೆಳಗಿನ ಎಲುಬು ಬಿರುಕು ಬಿಟ್ಟುಕೊಂಡೇ ಆಡಿ ಮುಗಿಸಿದಳು. ಸ್ವೀಡನ್ ವಿರುದ್ಧದ ಪೆನಾಲ್ಟಿ ಸರದಿಯಲ್ಲಿ ಒದ್ದ ಒದೆತವಂತೂ ನೋಡಲೇಬೇಕಾದದ್ದು.

ಇನ್ನು ನಿಮ್ಮ ಹುಡುಗಿ ಎಡಗಾಲಿನವಳು ಎಂದಿರಲ್ಲ, ಅದನ್ನು ದಪ್ಪಕ್ಷರದಲ್ಲಿ ಬರೆದಿಡಿ. ಎಡಬದಿಯ ಸೆಂಟರ್ ಬ್ಯಾಕ್ ಜಾಗಕ್ಕೆ ಎಡಗಾಲಿನವರು ಎಲ್ಲೆಲ್ಲೂ ಕಡಿಮೆ. ಬಲಗಾಲಿನವಳು ಅಲ್ಲಿ ನಿಂತರೆ ಚೆಂಡನ್ನು ಒಳಗೆ ಎಳೆದುಕೊಂಡೇ ಕೊಡಬೇಕು. ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾಳೆ. ಎಡಗಾಲಿನವಳು ಗೆರೆಯ ಗುಂಟ ನೇರವಾಗಿ ಕೊಡುತ್ತಾಳೆ. ಕೋಚ್‌ಗಳು ಇಂಥವರನ್ನು ಹುಡುಕಿಕೊಂಡು ಬರುತ್ತಾರೆ. ಫಾರ್ವರ್ಡ್ ಆಗು ಎನ್ನುವುದು ಕೈಯಲ್ಲಿರುವ ಗಂಟನ್ನು ಬಿಟ್ಟುಕೊಟ್ಟಂತೆ.

ಸೂಪರ್ ಮಾರ್ಕೆಟ್, ಕಲಬುರಗಿ

ಚೆಲ್ಸಿ, ಲಿಯಾನ್, ಬಾರ್ಸಿಲೋನಾ. ನಡುವೆ ವಾಡಿ ಜಂಕ್ಷನ್ ಎಲ್ಲಿ ಬರುತ್ತದೆ ಪರ್ಸಿ ಅಣ್ಣಾ?

ನಮ್ಮ ದೇಶದ ಲೆಕ್ಕ ಹೇಳುತ್ತೇನೆ. ಭಾರತೀಯ ಮಹಿಳಾ ಲೀಗ್, ಅಂದರೆ ಐಡಬ್ಲ್ಯುಎಲ್, 2024–25ರಲ್ಲಿ ಎಂಟು ತಂಡಗಳ ಲೀಗ್. ತಂಡಕ್ಕೆ 14 ಪಂದ್ಯ. 2023ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಒಂದು ಷರತ್ತು ಹಾಕಿತು: ಪ್ರತಿ ಕ್ಲಬ್ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ಕೊಡಬೇಕು. ತಿಂಗಳಿಗೆ ಇಪ್ಪತ್ತಾರು ಸಾವಿರ ಚಿಲ್ಲರೆ. ಹತ್ತು ಎಂಟಲೆ ಎಂಬತ್ತು. ಇಡೀ ದೇಶದಲ್ಲಿ ಆ ಖಾತ್ರಿ ಇರುವುದು ಎಂಬತ್ತು ಹುಡುಗಿಯರಿಗೆ. ಅವರಲ್ಲಿ ಸೆಂಟರ್ ಬ್ಯಾಕ್ ಎಷ್ಟು ಮಂದಿ ಎಂದು ನೀವೇ ಎಣಿಸಿ. ಮಣಿಪುರದ ಹುಡುಗಿಯರು ಆರನೇ ವಯಸ್ಸಿಗೇ ಚೆಂಡಿನ ಹಿಂದೆ ಓಡುತ್ತಾರೆ. ನಮ್ಮ ಹುಡುಗಿ ಹೋಗಿ ಅವರ ಜೊತೆ ಪೈಪೋಟಿ ಮಾಡಬೇಕು.

ಕಬಡ್ಡಿಯೋ ಖೊಖೊವೋ ಆಡಿದರೆ ಜಿಲ್ಲೆಯಲ್ಲಿ ತಂಡವಾದರೂ ಸಿಗುತ್ತದೆ. ಅಣ್ಣನ ನೀಟ್ ಚಿಂತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಭೀಮಾ ದಂಡೆ, ಯಾದಗಿರಿ

ನಾನು ವಿಶ್ವವಿದ್ಯಾಲಯದ ತಂಡದಲ್ಲಿ ಬ್ಯಾಕ್ ಆಗಿ ಆಡಿದವಳು. ಈಗ ಸರ್ಕಾರಿ ನೌಕರಿ. ಸೂಪರ್ ಮಾರ್ಕೆಟ್ ಅಣ್ಣನ ಲೆಕ್ಕ ಸರಿಯಿದೆ, ಆದರೆ ಅರ್ಧ ಲೆಕ್ಕ. ನಮ್ಮಲ್ಲಿ ಮಹಿಳಾ ಫುಟ್‌ಬಾಲ್ ವೃತ್ತಿ ಎಂದರೆ ಕ್ಲಬ್ಬಿನ ಸಂಬಳ ಒಂದೇ ಅಲ್ಲ. ರೈಲ್ವೆ, ಪೊಲೀಸ್, ಸಶಸ್ತ್ರ ಸೀಮಾ ಬಲ ಇವೆಲ್ಲ ಮಹಿಳಾ ತಂಡ ಕಟ್ಟುತ್ತವೆ, ಕ್ರೀಡಾ ಕೋಟಾದಲ್ಲಿ ನೌಕರಿ ಕೊಡುತ್ತವೆ. ಭಾರತಕ್ಕೆ ಆಡಿದ ಎಷ್ಟೋ ಹುಡುಗಿಯರಿಗೆ ಮನೆ ನಡೆಸುವುದು ಆ ನೌಕರಿ, ಆಟ ಬೆಳೆಸುವುದು ಲೀಗ್. ಎರಡು ದೋಣಿಯಲ್ಲಿ ಕಾಲಿಡಬಾರದು ಎನ್ನುತ್ತಾರೆ. ಇಲ್ಲಿ ಇಡದೆ ಗತಿಯಿಲ್ಲ.

ಡಿಫೆಂಡರ್ ಆಗಿ ಉಳಿದವಳು ಬೇಕೆಂದರೆ ಆಶಾಲತಾ ದೇವಿಯವರನ್ನು ನೋಡಿ. ಇಂಫಾಲದವರು. ಸೇತು, ಗೋಕುಲಂ ಕೇರಳ, ಈಸ್ಟ್ ಬೆಂಗಾಲ್ ಕ್ಲಬ್‌ಗಳು ಎಂದು ದಕ್ಷಿಣದಿಂದ ಪೂರ್ವದವರೆಗೆ ಸುತ್ತಿ ಆಡಿದವರು. 2018–19ರ ದೇಶದ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಫೆಡರೇಷನ್ ಕೊಟ್ಟಿದ್ದು ಇವರಿಗೆ. 2019ರಲ್ಲಿ ಏಷ್ಯಾದ ವರ್ಷದ ಆಟಗಾರ್ತಿ ಪ್ರಶಸ್ತಿಯ ಕೊನೆಯ ಮೂವರಲ್ಲಿ ಹೆಸರಿತ್ತು. ಗೆದ್ದ ಜಪಾನಿನ ಸಾಕಿ ಕುಮಗಾಯಿ ಕೂಡ ಹಿಂದೆ ನಿಂತು ಆಡುವವಳೇ. ಭಾರತದ ಪರ ನೂರು ಅಂತರರಾಷ್ಟ್ರೀಯ ಪಂದ್ಯ ಮುಟ್ಟಿದ ಮೊದಲ ಮಹಿಳೆಯೂ ಆಶಾಲತಾ ಅವರೇ. ಗಮನಿಸಿ, ನೂರು ಗೋಲಲ್ಲ, ನೂರು ಪಂದ್ಯ. ಡಿಫೆಂಡರ್ ಬದುಕಿನ ಲೆಕ್ಕ ಪಂದ್ಯಗಳಲ್ಲೇ ಆಗುತ್ತದೆ.

ಈಗ ಆ ಗುರುಗಳು ಹೇಳಿದ ಮಾತಿಗೆ ಬರುತ್ತೇನೆ, ಏಕೆಂದರೆ ಅದರಲ್ಲಿ ಒಂದು ಕಹಿ ಸತ್ಯ ಇದೆ. ಒಂದು ಕ್ಲಬ್ಬಿನ ಟ್ರಯಲ್‌ಗೆ ಹೋಗಿದ್ದೆ. ಗುರುತು ಪರಿಚಯ ಇಲ್ಲದ ಹುಡುಗಿಯರನ್ನು ಎರಡು ಗುಂಪು ಮಾಡಿ, ಬಣ್ಣದ ಬಿಬ್ ತೊಡಿಸಿ, ಒಂದಿಷ್ಟು ನಿಮಿಷ ಬಿಟ್ಟರು. ಎಲ್ಲರಿಗೂ ತಾವು ಕಾಣಿಸಬೇಕು ಎಂಬ ಹಟ. ಚೆಂಡು ಸಿಕ್ಕವಳು ಯಾರಿಗೂ ಕೊಡಲಿಲ್ಲ. ಹಿಂದೆ ನಿಂತವರ ಕಡೆ ಚೆಂಡೇ ಬರಲಿಲ್ಲ, ಸೀಟಿ ಊದಿದರು, ಮುಗಿಯಿತು. ಅಂಥ ಟ್ರಯಲ್‌ನಲ್ಲಿ ಡಿಫೆಂಡರ್ ಸಾಯುತ್ತಾಳೆ. ಆದರೆ ಅದು ಟ್ರಯಲ್‌ನ ದೋಷ, ಹುಡುಗಿ ನಿಂತ ಜಾಗದ್ದಲ್ಲ. ಡಿಫೆಂಡರನ್ನು ಅಳೆಯಬೇಕಾದರೆ ಪೂರ್ತಿ ಪಂದ್ಯ ನೋಡಬೇಕು. ಆದ್ದರಿಂದ ಮೊದಲ ಕೆಲಸ, ಅವಳ ಪಂದ್ಯಗಳನ್ನು ಎತ್ತರದ ಜಾಗದಿಂದ ಮೊಬೈಲ್‌ನಲ್ಲಿ ಪೂರ್ತಿ ಸೆರೆಹಿಡಿಯಿರಿ. ಚೆಂಡಿನ ಹಿಂದೆ ಕ್ಯಾಮೆರಾ ಓಡಿಸಬೇಡಿ. ಚೆಂಡು ಆ ತುದಿಯಲ್ಲಿದ್ದಾಗ ಅವಳು ಈ ತುದಿಯಲ್ಲಿ ಏನು ಮಾಡುತ್ತಿದ್ದಾಳೆ ಎಂಬುದೇ ನೋಡುವವರಿಗೆ ಬೇಕಾದದ್ದು.

ಸೂಪರ್ ಮಾರ್ಕೆಟ್, ಕಲಬುರಗಿ

ಪಂದ್ಯ ಇದ್ದರೆ ತಾನೇ ಅಕ್ಕಾ ಸೆರೆಹಿಡಿಯುವುದು? ನಮ್ಮ ಕಡೆ ಹೆಣ್ಣುಮಕ್ಕಳ ಹನ್ನೊಂದು ಜನರ ಪಂದ್ಯ ನೋಡಿ ಎಷ್ಟು ದಿನವಾಯಿತು ಹೇಳಿ.

ಬಿದರಿ ಮೇಡಂ, ಬೀದರ್

ಸೂಪರ್ ಮಾರ್ಕೆಟ್ ಅವರಿಗೆ ಉತ್ತರ ನನ್ನ ಬಳಿ ಇದೆ, ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಹನ್ನೊಂದು ಹುಡುಗಿಯರು ಸಿಗದಿದ್ದರೆ ಹುಡುಗರ ಜೊತೆ ಆಡಿಸಿ. ನಾನು ಹಾಗೇ ಮಾಡುತ್ತೇನೆ. ಡಿಫೆಂಡರ್‌ಗೆ ಅದರಷ್ಟು ಒಳ್ಳೆಯ ಪಾಠ ಇಲ್ಲ. ಹುಡುಗ ಓಟದಲ್ಲಿ ಮುಂದೆ ಹೋಗಿಯೇ ಹೋಗುತ್ತಾನೆ, ಆದ್ದರಿಂದ ಹುಡುಗಿ ಓಟಕ್ಕೆ ಓಟ ಕೊಡುವುದನ್ನು ಬಿಟ್ಟು ಅವನು ಎಲ್ಲಿಗೆ ಬರುತ್ತಾನೆ ಎಂದು ಮೊದಲೇ ಊಹಿಸಿ ನಿಲ್ಲುವುದನ್ನು ಕಲಿಯುತ್ತಾಳೆ. ಪಾಲಕರು ಗೊಣಗುತ್ತಾರೆ. ಒಂದಿಬ್ಬರು ತಾಯಂದಿರನ್ನು ಮೈದಾನಕ್ಕೇ ಕರೆದು ಕೂರಿಸಿಕೊಂಡರೆ ಗೊಣಗಾಟ ಅರ್ಧ ಇಳಿಯುತ್ತದೆ. ಅವ್ವನ ಚಡ್ಡಿ ಚಿಂತೆಗೆ ಔಷಧ: ಚಡ್ಡಿಯ ಒಳಗೆ ಚಡ್ಡಿಯದೇ ಬಣ್ಣದ ಕಾಲುದ್ದದ ಲೆಗ್ಗಿಂಗ್ಸ್. ಅದಕ್ಕೆ ನಿಯಮದ ಅಡ್ಡಿಯಿಲ್ಲ, ಮಂಡಿ ತರಚುವುದೂ ತಪ್ಪುತ್ತದೆ.

ತರಚುವ ಮಾತು ಬಂತು, ನೆಲದ ಬಗ್ಗೆ ಹೇಳಲೇಬೇಕು. ನಮ್ಮ ಬೀದರ್‌ನದು ಕೆಂಪು ಮುರಂ, ನಿಮ್ಮ ಕಲಬುರಗಿಯದು ಎರೆಮಣ್ಣು. ಎರೆ ಮಳೆಗಾಲದಲ್ಲಿ ಬೂಟಿಗೆ ಮೆತ್ತಿಕೊಂಡು ಕಾಲೆತ್ತಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪಾದ ತಿರುಚುತ್ತದೆ. ಟಿವಿಯಲ್ಲಿ ನೋಡಿ ನಮ್ಮ ಹುಡುಗಿಯರು ನೆಲಕ್ಕೆ ಜಾರಿ ಟ್ಯಾಕಲ್ ಮಾಡಲು ಹೋಗುತ್ತಾರೆ. ತೊಡೆಯ ಚರ್ಮ ಅಲ್ಲೇ ಉಳಿಯುತ್ತದೆ. ನನ್ನ ಮೈದಾನದಲ್ಲಿ ಜಾರುವುದು ನಿಷೇಧ. ನಿಂತೇ ಚೆಂಡು ಕಸಿಯಲು ಕಲಿಯಬೇಕು. ಒಂದು ಲೆಕ್ಕದಲ್ಲಿ ಇದು ನಮ್ಮ ಹುಡುಗಿಯರಿಗೆ ಲಾಭವೇ, ನೆಲಕ್ಕೆ ಬಿದ್ದ ಡಿಫೆಂಡರ್ ಆ ಕ್ಷಣಕ್ಕೆ ಆಟದಲ್ಲಿ ಇಲ್ಲ. ಗಟ್ಟಿ ನೆಲಕ್ಕೆ ಉದ್ದ ಸ್ಟಡ್‌ನ ಬೂಟು ಬೇಡ, ಸಣ್ಣ ಸಣ್ಣ ರಬ್ಬರ್ ಗುಬುಟುಗಳ ಟರ್ಫ್ ಬೂಟು ಕೊಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿ ಇರುವಾಗ ಬೆಳಿಗ್ಗೆ ಏಳೂವರೆಯೊಳಗೆ ಎಲ್ಲ ಮುಗಿಯಬೇಕು. ನಿಮ್ಮ ವೈನಿಯವರ ಚಿಂತೆ ಸುಮ್ಮನೆ ಅಲ್ಲ.

ಇನ್ನೊಂದು ಮಾತು, ಗಂಡಸರು ಕೇಳುವುದೇ ಇಲ್ಲ. ಹುಡುಗಿಯ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಬೇಗ ದಣಿಯುತ್ತಾಳೆ, ಕೊನೆಯ ಹೊತ್ತಿಗೆ ಕಾಲು ಎಳೆಯುತ್ತಾಳೆ ಎಂದು ಬೈಯುವ ಮೊದಲು ರಕ್ತ ನೋಡಬೇಕು. ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ, ಸೊಪ್ಪು ನಮ್ಮ ಮನೆಯಲ್ಲೇ ಇವೆ. ಊಟದ ಜೊತೆಗೇ ಚಹಾ ಕುಡಿಯುವ ಚಟ ಬಿಡಿಸಿ, ಊಟದಲ್ಲಿನ ಕಬ್ಬಿಣಾಂಶವನ್ನು ಮೈಗೆ ಹತ್ತಲು ಅದು ಬಿಡುವುದಿಲ್ಲ. ಜೊತೆಗೆ ನಿಂಬೆ ಹಿಂಡಿ.

ಕೀಲು ಮೂಳೆ, ಕಲಬುರಗಿ

ಫಿಸಿಯೊಥೆರಪಿ ನನ್ನ ವೃತ್ತಿ. ಗಿರ್ಮಾ ಅವರ ಅಸ್ಥಿರಜ್ಜಿನ ಮಾತು ಮೇಲೆ ಬಂದಿದೆ, ಅದನ್ನು ದಾಟಿ ಹೋಗಬಾರದು. ಎಸಿಎಲ್ ಎಂಬ ಆ ಮೊಣಕಾಲಿನ ಅಸ್ಥಿರಜ್ಜು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹಲವು ಪಟ್ಟು ಹೆಚ್ಚು. ಇಂಗ್ಲೆಂಡ್ ನಾಯಕಿ ಲಿಯಾ ವಿಲಿಯಮ್ಸನ್, ಅವರೂ ಸೆಂಟರ್ ಬ್ಯಾಕ್, 2023ರ ವಿಶ್ವಕಪ್ ತಪ್ಪಿಸಿಕೊಂಡದ್ದು ಇದರಿಂದಲೇ. ಬಹಳ ಸಲ ಯಾರೂ ಒದ್ದಿರುವುದಿಲ್ಲ. ಹೆಡ್ ಮಾಡಿ ಒಂಟಿ ಕಾಲಿನ ಮೇಲೆ ಇಳಿಯುವಾಗ, ಅಥವಾ ಓಡುತ್ತಿದ್ದವಳು ಗಕ್ಕನೆ ದಿಕ್ಕು ಬದಲಿಸುವಾಗ ಮೊಣಕಾಲು ಒಳಕ್ಕೆ ಬಾಗುತ್ತದೆ, ಟಪ್ ಎಂಬ ಸದ್ದು, ಕೆಲವು ಗಂಟೆಗಳಲ್ಲೇ ಬಾವು. ಶಸ್ತ್ರಚಿಕಿತ್ಸೆಯಾದರೆ ಮೈದಾನಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು. ಡಿಫೆಂಡರ್ ಎದುರಾಳಿಯ ಇಚ್ಛೆಯಂತೆ ತಿರುಗುವವಳು, ತನ್ನ ಇಚ್ಛೆಯಂತಲ್ಲ. ಅದಕ್ಕೇ ಅಪಾಯ ಜಾಸ್ತಿ.

ತಡೆಯುವ ಉಪಾಯ ಪುಕ್ಕಟೆ ಇದೆ. ಫಿಫಾ 11+ ಎಂಬ ಅಭ್ಯಾಸಕ್ರಮ, ಇಪ್ಪತ್ತು ನಿಮಿಷ, 15 ವ್ಯಾಯಾಮ: ಓಟ, ಒಂಟಿ ಕಾಲಿನ ಸಮತೋಲ, ಜಿಗಿದು ಮೆತ್ತಗೆ ಇಳಿಯುವುದು, ತೊಡೆಯ ಹಿಂಭಾಗದ ಬಲ. ಉಪಕರಣ ಬೇಡ. ವಾರಕ್ಕೆ ಎರಡು ಸಲವಾದರೂ ಬಿಡದೆ ಮಾಡಿದರೆ ಗಾಯ ಗಮನಾರ್ಹವಾಗಿ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ನಮ್ಮ ಮೈದಾನಗಳಲ್ಲಿ ಇದರ ಬದಲು ಎರಡು ಸುತ್ತು ಓಡಿಸಿ ನೇರ ಆಟಕ್ಕೆ ಬಿಡುತ್ತಾರೆ.

ತೊಗರಿ ಸೀಮೆ, ಕಲಬುರಗಿ

ಎಲ್ಲರಿಗೂ ಶರಣು. ಇಷ್ಟು ಬರುತ್ತದೆ ಎಂದುಕೊಂಡಿರಲಿಲ್ಲ. ಭೀಮಾ ಅಕ್ಕಾ, ನಿಮ್ಮನ್ನೇ ಕೇಳುತ್ತೇನೆ. ಒಳ್ಳೆಯ ಡಿಫೆಂಡರ್ ಎಂದು ಗುರುತಿಸುವುದು ಹೇಗೆ? ಫಾರ್ವರ್ಡ್ ಆದರೆ ಗೋಲು ಎಣಿಸಬಹುದು. ಇವಳು ಚೆನ್ನಾಗಿ ಆಡುತ್ತಾಳೋ ಇಲ್ಲವೋ ನನಗೆ ತಿಳಿಯುವುದೇ ಇಲ್ಲ. ಪಂದ್ಯ ಮುಗಿದ ಮೇಲೆ ಅವಳ ಬಟ್ಟೆ ಕೊಳೆಯಾಗದೇ ಇದ್ದರೆ ಏನೂ ಆಡಿಲ್ಲ ಎಂದುಕೊಳ್ಳುತ್ತೇನೆ.

ಭೀಮಾ ದಂಡೆ, ಯಾದಗಿರಿ

ಬಟ್ಟೆ ಕೊಳೆಯಾಗದಿದ್ದರೆ ಬಹುಶಃ ಬಹಳ ಚೆನ್ನಾಗಿ ಆಡಿದ್ದಾಳೆ!

ಹೀಗೆ ನೋಡಿ. ಎದುರಾಳಿ ಚೆಂಡು ಹಿಡಿದು ಅವಳ ಮೇಲೆ ಬರುತ್ತಿದ್ದಾಳೆ. ಹೊಸಬಳು ಎದೆ ಪೂರ್ತಿ ಎದುರಿಗೆ ತಿರುಗಿಸಿ ನಿಂತು ಚೆಂಡಿಗೆ ಕಾಲು ಹಾಕಲು ಧಾವಿಸುತ್ತಾಳೆ. ಆಗ ಎರಡೂ ಬದಿ ಖಾಲಿ, ಕಾಲಿನ ನಡುವೆಯೂ ಖಾಲಿ. ಬಲ್ಲವಳು ಓರೆಯಾಗಿ ನಿಲ್ಲುತ್ತಾಳೆ. ಒಂದು ಕಾಲು ಮುಂದೆ, ಮಂಡಿ ಸ್ವಲ್ಪ ಬಾಗಿ, ಭಾರ ಪಾದದ ತುದಿಯ ಮೇಲೆ. ಒಂದು ಬದಿಯನ್ನು ಬೇಕೆಂದೇ ತೆರೆದಿಡುತ್ತಾಳೆ, ಸಾಮಾನ್ಯವಾಗಿ ಹೊರಗೆರೆಯ ಕಡೆ. ಎದುರಾಳಿ ಅತ್ತ ಹೋಗುತ್ತಾಳೆ, ಇವಳು ಜೊತೆಜೊತೆಗೆ ಹಿಂದೆ ಸರಿಯುತ್ತಾಳೆ. ಕಣ್ಣು ಚೆಂಡಿನ ಮೇಲೆ, ಅವಳ ಭುಜದ ಆಟದ ಮೇಲಲ್ಲ. ಎದುರಾಳಿ ಚೆಂಡನ್ನು ಅರ್ಧ ಹೆಜ್ಜೆ ದೂರ ತಳ್ಳಿದ ಆ ಒಂದು ಗಳಿಗೆ ಸಿಗುತ್ತದಲ್ಲ, ಆಗ ಮಾತ್ರ ಕಾಲು. ಸಿಗದಿದ್ದರೆ ಪರವಾಗಿಲ್ಲ, ಅಷ್ಟರಲ್ಲಿ ಸಂಗಡಿಗರು ಬಂದು ಸೇರಿರುತ್ತಾರೆ. ತಡ ಮಾಡಿಸಿದ್ದೇ ಗೆಲುವು.

ಎರಡನೆಯದು, ಅವಳ ಬಾಯಿ ಕೇಳಿ. ಸೆಂಟರ್ ಬ್ಯಾಕ್ ಮೌನಿಯಾಗಿದ್ದರೆ ಗೋಲು ಬಿತ್ತೆಂದೇ ಲೆಕ್ಕ. ‘ಮುಂದೆ ಬಾ’, ‘ಬಲಕ್ಕೆ’, ‘ಹಿಂದೆ ಒಬ್ಬಳಿದ್ದಾಳೆ’ ಎಂದು ತೊಂಬತ್ತು ನಿಮಿಷವೂ ಕೂಗುತ್ತಿರಬೇಕು. ಆಫ್‌ಸೈಡ್ ಬಲೆ ಹಾಕುವಾಗ, ಅಂದರೆ ಎದುರಾಳಿಯನ್ನು ನಮ್ಮ ಸಾಲಿನ ಹಿಂದೆ ಬಿಟ್ಟು ನಿಯಮದಲ್ಲಿ ಸಿಕ್ಕಿಸುವಾಗ, ಡಿಫೆಂಡರ್‌ಗಳು ನಾಲ್ವರೂ ಒಂದೇ ಉಸಿರಿಗೆ ಮುಂದೆ ಸರಿಯಬೇಕು. ಒಬ್ಬಳು ಒಂದು ಹೆಜ್ಜೆ ಹಿಂದುಳಿದರೂ ಎದುರಾಳಿ ಗೋಲ್‌ಕೀಪರ್ ಮುಂದೆ ಒಬ್ಬಳೇ. ಆ ಕೂಗು ಕೊಡುವವಳು ಇವಳೇ. ನಮ್ಮ ಹುಡುಗಿಯರಿಗೆ ಮೆಲ್ಲಗೆ ಮಾತನಾಡು ಎಂದು ಮನೆಯಲ್ಲಿ ಕಲಿಸಿ, ಮೈದಾನದಲ್ಲಿ ಕೂಗು ಎಂದರೆ ಗಂಟಲೇ ಏಳುವುದಿಲ್ಲ. ನಾನು ಕಂಡಂತೆ ಅರ್ಧದಷ್ಟು ಹುಡುಗಿಯರು ಸೋಲುವುದು ಇಲ್ಲಿ.

ಪರ್ಸಿ ಕಲ್ಲು, ಶಹಾಬಾದ್

ಅಕ್ಕನ ಮಾತಿಗೆ ಒಂದು ಸೇರಿಸುತ್ತೇನೆ. ಎಡಬದಿಯ ಬ್ಯಾಕ್ ಜಾಗದಲ್ಲೂ ಆಡಿಸಿ ನೋಡಬಹುದು. ಎರಡು ಜಾಗ ಬಲ್ಲವಳನ್ನು ತಂಡದಲ್ಲಿ ಇಟ್ಟುಕೊಳ್ಳುತ್ತಾರೆ.

ಭೀಮಾ ದಂಡೆ, ಯಾದಗಿರಿ

ಅಲ್ಲಿಗೆ ಗಾಳಿಯಂಥ ಓಟ ಬೇಕು. ಎತ್ತರದ ಹುಡುಗಿಯನ್ನು ಅಂಚಿಗೆ ತಳ್ಳಿ ಎರಡೂ ಕಡೆ ಅರ್ಧಂಬರ್ಧ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಹದಿನೆಂಟರವರೆಗೆ ಒಂದೇ ಜಾಗ ಗಟ್ಟಿ ಮಾಡಲಿ.

ಸೂಪರ್ ಮಾರ್ಕೆಟ್, ಕಲಬುರಗಿ

ಆಟ ಕಲಿತಳು ಎಂದೇ ಇಟ್ಟುಕೊಳ್ಳಿ. ಮೇಲಿನವರ ಕಚೇರಿಯ ಗತಿ? 2022ರ ಜನವರಿಯಲ್ಲಿ ಏಷ್ಯಾ ಕಪ್ ನಮ್ಮ ನೆಲದಲ್ಲೇ ನಡೆಯಿತು. ಇರಾನ್ ಜೊತೆ ಗೋಲಿಲ್ಲದ ಡ್ರಾ, ಮುಂದಿನ ಪಂದ್ಯಕ್ಕೆ ಮುನ್ನ ಅರ್ಧ ತಂಡಕ್ಕೆ ಕೋವಿಡ್, ಅಲ್ಲಿಗೆ ಟೂರ್ನಿಯಿಂದಲೇ ಹೊರಗೆ. ಆ ತಂಡದ ನಾಯಕಿ ನೀವು ಹೊಗಳಿದ ಆಶಾಲತಾ ಅವರೇ. ಅದೇ ವರ್ಷ ಆಗಸ್ಟ್‌ನಲ್ಲಿ ಫಿಫಾ ನಮ್ಮ ಫೆಡರೇಷನ್ನನ್ನು ಅಮಾನತು ಮಾಡಿತು. ಗೋಕುಲಂ ಹುಡುಗಿಯರು ತಾಷ್ಕೆಂಟ್‌ವರೆಗೆ ಹೋಗಿ, ಕ್ಲಬ್ ಚಾಂಪಿಯನ್‌ಷಿಪ್ ಆಡದೆ ಮರಳಿದರು. ಯಾರದೋ ಕುರ್ಚಿ ಜಗಳಕ್ಕೆ ಯಾರದೋ ಒಂದು ವರ್ಷ. ಇದರ ಮೇಲೆ ಇಪ್ಪತ್ತೆರಡಕ್ಕೆ ಮದುವೆಯ ಮಾತು. ಆಮೇಲೆ?

ಬಿದರಿ ಮೇಡಂ, ಬೀದರ್

ಮದುವೆಯಾದರೆ ಆಟ ಮುಗಿಯಿತು ಎಂದು ಯಾರು ಬರೆದಿಟ್ಟರು? ಅಮೆರಿಕದ ಡಿಫೆಂಡರ್ ಕ್ರಿಸ್ಟಿ ರ‍್ಯಾಂಪೋನ್ ಇಬ್ಬರು ಹೆಣ್ಣುಮಕ್ಕಳ ತಾಯಿ, ದೇಶಕ್ಕೆ 311 ಪಂದ್ಯ ಆಡಿದರು, 2015ರ ವಿಶ್ವಕಪ್ ಫೈನಲ್‌ನಲ್ಲಿ ಮೈದಾನಕ್ಕೆ ಇಳಿದಾಗ ವಯಸ್ಸು ನಲವತ್ತು. 2021ರ ಜನವರಿಯಿಂದ ಫಿಫಾ ನಿಯಮವೇ ಇದೆ: ಕನಿಷ್ಠ 14 ವಾರ ಹೆರಿಗೆ ರಜೆ, ಸಂಬಳದ ಮೂರರಲ್ಲಿ ಎರಡು ಪಾಲು, ಬಸುರಿ ಎಂದು ಒಪ್ಪಂದ ಮುರಿಯುವಂತಿಲ್ಲ. ಕಾಗದದ ಮೇಲಿನದು ನಮ್ಮಲ್ಲಿ ಜಾರಿಯಾಗಬೇಕಾದರೆ ಕೇಳುವ ಹುಡುಗಿಯರು ಬೇಕು. ಅಮಾನತಿನ ಕಥೆ ಹೇಳಿದಿರಿ, 2025ರ ಜುಲೈ ಕೂಡ ಹೇಳಿ. ಥಾಯ್ಲೆಂಡ್‌ನಲ್ಲಿ ಥಾಯ್ಲೆಂಡನ್ನೇ 2–1ರಿಂದ ಸೋಲಿಸಿ ನಮ್ಮ ಹುಡುಗಿಯರು ಅರ್ಹತಾ ಸುತ್ತು ಗೆದ್ದು ಏಷ್ಯಾ ಕಪ್‌ಗೆ ಹೋದರು.

ತೊಗರಿ ಸೀಮೆ, ಕಲಬುರಗಿ

ಮನೆಯಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಅಣ್ಣ ಒಂದು ಷರತ್ತಿನ ಮೇಲೆ ಒಪ್ಪಿದ್ದಾನೆ: ಪಿಯುಸಿ ಬಿಡುವಂತಿಲ್ಲ. ಹುಡುಗಿ ಹಿಂದಿನ ಜಾಗ ಬಿಡುವುದಿಲ್ಲ ಎಂದಿದ್ದಾಳೆ. ಪರೀಕ್ಷೆ ಮುಗಿದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ರಾಜ್ಯ ಮಹಿಳಾ ಲೀಗ್ ತೋರಿಸಬೇಕೆಂದಿದ್ದೇನೆ. ಯಾವ ಕ್ಲಬ್ ನೋಡಬೇಕು? ಯಾರಾದರೂ ಸಹಿ ಹಾಕು ಎಂದರೆ ಏನು ಕೇಳಬೇಕು?

ಭೀಮಾ ದಂಡೆ, ಯಾದಗಿರಿ

ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಹೊರಡುವ ಮೊದಲು ಪಂದ್ಯಗಳ ಪಟ್ಟಿ ಖಚಿತ ಮಾಡಿಕೊಳ್ಳಿ. ಕಿಕ್‌ಸ್ಟಾರ್ಟ್, ಮಿಸಾಕಾ ಯುನೈಟೆಡ್, ಪರಿಕ್ರಮ, ಬೆಂಗಳೂರು ಎಫ್‌ಸಿ ಮಹಿಳಾ ತಂಡ ಕಟ್ಟಿದವರು. ಕಿಕ್‌ಸ್ಟಾರ್ಟ್ 2022–23ರ ಐಡಬ್ಲ್ಯುಎಲ್ ಫೈನಲ್ ಆಡಿದ ತಂಡ. ಗೋಕುಲಂಗೆ 5–0ರಿಂದ ಸೋತಿತು, ಆದರೂ ನಮ್ಮ ರಾಜ್ಯದಿಂದ ಅಲ್ಲಿವರೆಗೆ ಹೋಯಿತು. ಅವಳು ಗೋಲು ನೋಡುತ್ತಾ ಕೂರದಿರಲಿ, ಎಡಬದಿಯ ಸೆಂಟರ್ ಬ್ಯಾಕ್ ಒಬ್ಬಳನ್ನೇ ಮೊದಲಿಂದ ಕೊನೆಯವರೆಗೆ ನೋಡಲಿ.

ಸಹಿಯ ವಿಷಯ. ಬಾಯಿಮಾತಿಗೆ ಒಪ್ಪಬೇಡಿ. ವಸತಿ ಊಟ ಯಾರ ಖರ್ಚು, ಗಾಯವಾದರೆ ಆಸ್ಪತ್ರೆ ಬಿಲ್ ಯಾರದು, ಬೇರೆ ಕ್ಲಬ್‌ಗೆ ಹೋಗುವುದಾದರೆ ನಿರಾಕ್ಷೇಪಣಾ ಪತ್ರ ಎಷ್ಟು ದಿನಗಳಲ್ಲಿ ಕೊಡುತ್ತಾರೆ, ಕಾಲೇಜು ಪರೀಕ್ಷೆಗೆ ಬಿಡುತ್ತಾರೆಯೇ, ಎಲ್ಲವೂ ಬರಹದಲ್ಲಿರಲಿ. ಹದಿನೆಂಟು ತುಂಬದವರನ್ನು ಮೂರು ವರ್ಷಕ್ಕಿಂತ ಹೆಚ್ಚಿಗೆ ಕಟ್ಟಿಹಾಕುವಂತಿಲ್ಲ ಎಂದು ಫಿಫಾ ನಿಯಮವಿದೆ. ಒಪ್ಪಂದದ ಪ್ರತಿ ಕೈಗೆ ಬರುವವರೆಗೆ ಅವಳ ಆಧಾರ್, ಅಂಕಪಟ್ಟಿಯ ಮೂಲಪ್ರತಿಗಳನ್ನು ಯಾರ ಕೈಗೂ ಕೊಡಬೇಡಿ. ಟ್ರಯಲ್‌ಗೆ ಶುಲ್ಕ ಕೇಳುವವರು ಸಿಗುತ್ತಾರೆ, ಅಲ್ಲಿಂದ ಎದ್ದು ಬನ್ನಿ.

ಸೂಪರ್ ಮಾರ್ಕೆಟ್, ಕಲಬುರಗಿ

ನನ್ನ ಲೆಕ್ಕ ಎಂಬತ್ತೇ, ಅದು ಬದಲಾಗಿಲ್ಲ. ಆದರೆ ವಿಡಿಯೊ ತೆಗೆಯಲು ಎತ್ತರದ ಜಾಗ ಬೇಕೆಂದಿದ್ದೀರಿ. ನಮ್ಮ ಅಂಗಡಿಯಲ್ಲಿ ಬಣ್ಣ ಬಳಿಯುವವರ ಎರಡಾಳೆತ್ತರದ ಕಬ್ಬಿಣದ ಏಣಿ ಇದೆ. ಪಂದ್ಯದ ದಿನ ಹೇಳಿ, ಆಟೊದಲ್ಲಿ ಹಾಕಿ ಕಳಿಸುತ್ತೇನೆ. ಬಾಡಿಗೆ ಬೇಡ, ಆಟೊ ಖರ್ಚು ನಿಮ್ಮದು.